ಇಪ್ಪತ್ತೊಂದು ದಿನದ ಕಟ್ಟು

ಆ ದಿನ ಬೆಳಿಗ್ಗೆ ಐದೂವರೆಗೇ ನಲ್ಲಿಯಲ್ಲಿ ನೀರು ಬಂತು. ಮಾಲೂರಿನ ನಮ್ಮ ಬೀದಿಗೆ ನೀರು ಬಿಡುವುದು ವಾರಕ್ಕೆ ಎರಡು ಸಲ. ಬಂದಾಗ ಮಿಕ್ಕ ಕೆಲಸವೆಲ್ಲ ಕಾಯಬೇಕು. ಡ್ರಮ್ಮಿಗೆ ಪೈಪು ಬಿಟ್ಟು, ಹಾಲು ಉಕ್ಕದಂತೆ ಒಂದು ಕಣ್ಣಿಟ್ಟು, ಯಜಮಾನರ ಡಬ್ಬಿಗೆ ಅವರೆಕಾಳಿನ ಉಪ್ಪಿಟ್ಟು ಕೆದಕುತ್ತಿದ್ದೆ. ಅವರು ಬೆಂಗಳೂರಿನ ರೈಲಿಗೆ ಹೊರಡುವ ಆತುರದಲ್ಲಿ ಎಂದಿನಂತೆ ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದರು. ತಂಗಿ ಹಿತ್ತಲಿನಲ್ಲಿ ನಿಂತು ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದಳು.

ಹಿತ್ತಲಿನ ಬಟ್ಟೆ ಒಣಹಾಕುವ ತಂತಿ ಮೊದಲು ನನ್ನ ತಲೆಗಿಂತ ಎತ್ತರದಲ್ಲಿತ್ತು. ಒಂದು ಭಾನುವಾರ ಯಜಮಾನರು ಯಾರಿಗೂ ಹೇಳದೆ ಮೊಳೆ ಕಿತ್ತು ಅದನ್ನು ಎದೆಮಟ್ಟಕ್ಕೆ ಇಳಿಸಿದ್ದರು. ತಂಗಿ ನೋಡಿದಳು. ಅಂದಿನಿಂದ ತನ್ನ ಟವೆಲನ್ನು ತಾನೇ ಒಣಹಾಕತೊಡಗಿದಳು.

ಮುಖ ಒರೆಸಿಕೊಂಡು ಬಂದವಳು ಬಾಚಣಿಗೆ ಹಿಡಿದು ನನ್ನ ಮುಂದೆ ಮಣೆಯ ಮೇಲೆ ಕೂತಳು.

"ಅಕ್ಕ, ಬಿಗಿಯಾಗಿ ಹಾಕು. ಟೋಪಿ ಕೆಳಗೆ ಅಲ್ಲಾಡ್ಬಾರ್ದು."

"ತಲೆ ನೋಯಲ್ವೇನೇ?"

"ನೋಯ್ಲಿ ಬಿಡು. ಭುಜ ಮರ್ತೋಗುತ್ತೆ."

ಐದು ತಿಂಗಳಿಂದ ಅವಳ ಜಡೆ ನಾನೇ ಹಾಕುತ್ತಿದ್ದೆ. ಬಲಗೈ ಕಿವಿಯ ಮಟ್ಟದಿಂದ ಮೇಲೆ ಹೋಗುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದ ನನ್ನ ತಂಗಿಯ ಉದ್ಯೋಗ ಆ ಬಲಗೈಯಿಂದ ಚೆಂಡು ಎಸೆಯುವುದು. ಬೆಂಗಳೂರಿನ ಒಂದು ಸಂಸ್ಥೆಯ ಮಹಿಳಾ ಬೇಸ್‌ಬಾಲ್ ತಂಡದಲ್ಲಿ ಅವಳು ಕಾಂಟ್ರಾಕ್ಟ್ ಆಟಗಾರ್ತಿ. ಹನ್ನೊಂದು ತಿಂಗಳಿಗೊಮ್ಮೆ ಟ್ರಯಲ್ಸ್ ಇರುತ್ತದೆ. ಅದರಲ್ಲಿ ಎಸೆದು ತೋರಿಸಿದರೆ ಮುಂದಿನ ಹನ್ನೊಂದು ತಿಂಗಳು ಕೆಲಸ. ಈ ಸಲದ ಟ್ರಯಲ್ಸ್ ಅದೇ ದಿನ, ಅದೂ ಕೋಲಾರದ ಕ್ರೀಡಾಂಗಣದಲ್ಲಿ. ಬೆಂಗಳೂರಿನ ಮೈದಾನ ದುರಸ್ತಿಯಲ್ಲಿತ್ತು.

"ನೀನೂ ಬಾ ಅಕ್ಕ ಇವತ್ತು," ಅಂದಳು, ನಾನು ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದಾಗ. ಹತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಕರೆದವಳಲ್ಲ. ನಾನು ನೋಡಿದರೆ ಗುರಿ ತಪ್ಪುತ್ತದೆ ಅನ್ನುತ್ತಿದ್ದಳು.

ನಾವು ಹುಟ್ಟಿ ಬೆಳೆದದ್ದು ಶ್ರೀನಿವಾಸಪುರದಲ್ಲಿ. ತಂಗಿ ಎಸೆಯುವುದನ್ನು ಕಲಿತದ್ದು ತೋಟಗಳಲ್ಲಿ ಮಾವಿನಕಾಯಿಗೆ ಕಲ್ಲು ಹೊಡೆದೇ ಎಂದು ಎಲ್ಲರೂ ತಾವೇ ತೀರ್ಮಾನ ಮಾಡಿಬಿಡುತ್ತಾರೆ. ನಮಗೆ ಒಂದು ಮರವೂ ಇರಲಿಲ್ಲ. ಅಪ್ಪ ಬಸ್ ಸ್ಟ್ಯಾಂಡಿನ ಹಿಂದೆ ಟೈಲರ್ ಅಂಗಡಿ ಇಟ್ಟಿದ್ದರು. ಅಮ್ಮ ನಾವು ಚಿಕ್ಕವರಿದ್ದಾಗಲೇ ಹೋದರು. ನಮ್ಮಿಬ್ಬರನ್ನೂ ಅಪ್ಪ ಕಾನ್ವೆಂಟಿಗೆ ಸೇರಿಸಿದರು. ಅಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು ಎಲ್ಲಿಂದಲೋ ಸಾಫ್ಟ್‌ಬಾಲ್ ತಂದರು. ಕಾರಣ ಬಹಳ ಸರಳ. ಖೋಖೋ ಆಡಿದರೆ ಇಪ್ಪತ್ತು ಶಾಲೆಗಳನ್ನು ಸೋಲಿಸಬೇಕು. ಸಾಫ್ಟ್‌ಬಾಲ್ ತಂಡ ಇಡೀ ಜಿಲ್ಲೆಯಲ್ಲಿ ಇದ್ದದ್ದು ಎರಡೇ ಶಾಲೆಗಳಲ್ಲಿ. "ಒಂದು ಮ್ಯಾಚ್ ಗೆದ್ದರೆ ಜಿಲ್ಲೆಗೆ ಫಸ್ಟ್, ಸರ್ಟಿಫಿಕೇಟ್ ಸಿಗುತ್ತದೆ, ಮುಂದೆ ಕಾಲೇಜ್ ಸೀಟಿಗೆ ಒಳ್ಳೆಯದು," ಎಂದು ಸಿಸ್ಟರ್ ತಮ್ಮ ಪುಸ್ತಕದ ಕನ್ನಡದಲ್ಲಿ ಅಪ್ಪನಿಗೆ ತಿಳಿಸಿ ಹೇಳಿದರು. ನನ್ನನ್ನೂ ಸೇರಿಸಿದರು. ಚೆಂಡು ಎಂದೂ ಬರದ ಮೂಲೆಯೊಂದರಲ್ಲಿ ನಿಲ್ಲಿಸುತ್ತಿದ್ದರು. ನಾನು ಅಲ್ಲಿ ನಿಂತು ಮುಟ್ಟಿದರೆ ಮುನಿ ಗಿಡ ಮುಟ್ಟುತ್ತಿದ್ದೆ.

ತಂಗಿಗೆ ಸರ್ಟಿಫಿಕೇಟಿನ ನೆನಪೇ ಇರಲಿಲ್ಲ. ಅವಳಿಗೆ ಆ ಚೆಂಡೇ ಬೇಕಿತ್ತು. ಅದನ್ನು ಮನೆಗೆ ತಂದ ಮೊದಲ ದಿನ ಅಪ್ಪ ಕನ್ನಡಕ ಏರಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಈ ಹೊಲಿಗೆ ನೋಡ್ರೇ! ಶುರು ಎಲ್ಲಿ, ಕೊನೆ ಎಲ್ಲಿ, ಗೊತ್ತೇ ಆಗ್ತಿಲ್ಲ!" ಅಂದರು. ಅವಳ ಕೈಗವಸಿನ ಹೊಲಿಗೆ ಬಿಟ್ಟಾಗಲೆಲ್ಲ ಚಪ್ಪಲಿ ಹೊಲಿಯುವ ದಾರದಲ್ಲಿ ಅವರೇ ಹಾಕಿಕೊಡುತ್ತಿದ್ದರು. ಕಾಲೇಜು ಮುಗಿದ ಮೇಲೆ ಅವಳು ಬೇಸ್‌ಬಾಲಿಗೆ ಹೋದಳು. ಸಾಫ್ಟ್‌ಬಾಲಿನಲ್ಲಿ ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು, ಇದರಲ್ಲಿ ತಲೆಯ ಮೇಲಿನಿಂದ. ರಾಜ್ಯಕ್ಕೆ ಆಡಿದಳು. ಆಮೇಲೆ ಈ ಸಂಸ್ಥೆಯವರು ಕರೆದರು. ಅಪ್ಪ ಹೋದ ಮೇಲೆ ನಮ್ಮ ಮನೆಗೇ ಬಂದಳು. ಮಾಲೂರಿನಿಂದ ರೈಲು ಇದೆಯಲ್ಲ, ಪ್ರಾಕ್ಟೀಸಿಗೆ ಅನುಕೂಲ.

ಅವಳ ಆಟವನ್ನು ನಾನು ಹೆಚ್ಚಾಗಿ ಕೇಳಿದ್ದು ಅವಳ ಬಾಯಲ್ಲೇ. ಬ್ಯಾಟು ಹಿಡಿದು ಬರುವವಳನ್ನು ನೋಡಿ "ರಾವಮ್ಮಾ ರಾ, ಭಯಪಡಕು" ಎಂದು ತೆಲುಗಿನಲ್ಲಿ ಕೂಗುತ್ತಿದ್ದಳಂತೆ. ಬಾರಮ್ಮಾ ಬಾ, ಹೆದರಬೇಡ ಅಂತ. ಎದುರಿನವಳು ಪಂಜಾಬಿನವಳಾದರೂ ಅದೇ. ಅರ್ಥವಾಗದೆ ಅವಳು ಇನ್ನಷ್ಟು ಹೆದರುತ್ತಿದ್ದಳಂತೆ. ಒಂದು ಸಲ ಅಂಪೈರನ ಜೊತೆ ಜಗಳವಾಡಿ ಎರಡು ಮ್ಯಾಚ್ ಹೊರಗೆ ಕೂತಳು. ಇನ್ನೊಂದು ಸಲ ಚೆಂಡು ಬಡಿದು ಮೊಣಕಾಲು ತೆಂಗಿನಕಾಯಿಯಷ್ಟು ಊದಿಕೊಂಡಿತು. ಆ ಊತದ ಮೇಲೆ ಪೆನ್ನಿನಲ್ಲಿ ಕಣ್ಣು, ಮೂಗು, ಮೀಸೆ ಬರೆದು ನನಗೆ ಫೋಟೋ ಕಳಿಸಿದಳು. ಕೆಳಗೆ "ನಿನ್ನ ತಂಗಿಗೆ ಸಿಕ್ಕಿದ ಗಂಡು" ಅಂತ. ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕು ಆಮೇಲೆ ಅತ್ತಿದ್ದೆ.

ಹೋದ ಆಷಾಢದಲ್ಲಿ ಒಂದು ಸಂಜೆ ಪ್ರಾಕ್ಟೀಸಿನಿಂದ ಬಂದವಳು ಚಪ್ಪಲಿ ಬಿಡುವಾಗ ಗೋಡೆ ಹಿಡಿದಳು. ಬಲಗೈಯಲ್ಲಿ ಅಲ್ಲ, ಎಡಗೈಯಲ್ಲಿ. ನಾನು ಅದನ್ನು ಗಮನಿಸಿದೆ. ಎಲ್ಲವನ್ನೂ ಗಮನಿಸುವುದು ನನ್ನ ಅಭ್ಯಾಸ. ಗಮನಿಸಿ ಮಾಡಿದ್ದು ಏನು ಎಂಬುದನ್ನೇ ಇಲ್ಲಿ ಬರೆಯಬೇಕಾಗಿದೆ.

"ಎಸೀವಾಗ ಒಳಗೆ ಏನೋ ಕಚ್ಚಿದ ಹಾಗಾಗುತ್ತೆ ಅಕ್ಕ. ಸ್ಕ್ಯಾನ್ ಮಾಡ್ಸೋಣ," ಅಂದಳು.

ಬೇಡ ಅಂದವಳು ನಾನು. ಭುಜ ಹೋಗಿದೆ ಎಂದು ಮ್ಯಾನೇಜರಿಗೆ ತಿಳಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ತಂಡದ ಹುಡುಗಿಯರೆಲ್ಲ ನೋವನ್ನು ಮುಚ್ಚಿಟ್ಟುಕೊಂಡೇ ಆಡುತ್ತಿದ್ದರು. ಆಸ್ಪತ್ರೆಗೆ ಹೋದರೆ ಕಾಗದ, ಕಾಗದ ಇದ್ದರೆ ಒಂದಲ್ಲ ಒಂದು ದಿನ ಅದು ಆಫೀಸು ಮುಟ್ಟುತ್ತದೆ. ಇದು ನನ್ನ ಲೆಕ್ಕಾಚಾರ. ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಅಪ್ಪನ ಮಣಿಕಟ್ಟು ಇತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಮುಳಬಾಗಿಲಿನ ಆಚೆ ಒಂದು ಹಳ್ಳಿಯಲ್ಲಿ ಕಟ್ಟು ಹಾಕಿಸಿಕೊಂಡು ಬಂದು, ಸಾಯುವವರೆಗೂ ಅದೇ ಕೈಯಲ್ಲಿ ಕತ್ತರಿ ಹಿಡಿದಿದ್ದರು. ನಮ್ಮ ಕಡೆ ಮೂಳೆಯ ಪೆಟ್ಟಿಗೆ ಮೊದಲು ಕಟ್ಟು, ಅದು ಆಗದಿದ್ದರೆ ಆಸ್ಪತ್ರೆ. ನನ್ನ ಕಾನ್ವೆಂಟ್ ಓದು, ಬಯಾಲಜಿಯಲ್ಲಿ ತೆಗೆದ ಮಾರ್ಕ್ಸು ಯಾವುದೂ ಆ ನಂಬಿಕೆಗೆ ಅಡ್ಡ ಬರಲಿಲ್ಲ.

"ಮೂಳೆ ಮುರಿದಿಲ್ವಲ್ಲೇ ಅಕ್ಕ, ಕಟ್ಟು ಯಾಕೆ?"

"ಮುರಿದಿದ್ದನ್ನೇ ಸರಿ ಮಾಡೋರಿಗೆ ಕಚ್ಚೋದು ಯಾವ ಲೆಕ್ಕ? ಅಪ್ಪನ ಕೈ ನೋಡ್ಲಿಲ್ವಾ ನೀನು?"

ಅಪ್ಪನ ಹೆಸರು ತೆಗೆದ ಮೇಲೆ ಅವಳು ವಾದಿಸಲಿಲ್ಲ.

ಕೋಲಾರಕ್ಕೆ ಹೋಗಿ, ಅಲ್ಲಿಂದ ಮುಳಬಾಗಿಲಿಗೆ ಬಸ್ಸು, ಮುಂದೆ ಆಟೋ. ಅಪ್ಪನಿಗೆ ಕಟ್ಟಿದವರು ಈಗಿಲ್ಲ. ಈಗ ಕಟ್ಟುವುದು ಅವರ ಮಗ, ಅವರಿಗೂ ತಲೆ ನರೆತಿತ್ತು. ಜಗಲಿಯ ಮೇಲೆ ಕೂರಿಸಿ ಹೆಬ್ಬೆರಳಿನಿಂದ ಭುಜ ಒತ್ತಿ ನೋಡಿದರು. ತಂಗಿ ಹಲ್ಲು ಕಚ್ಚಿಕೊಂಡಳು.

"ಏಮೀ ಕಾಲೇದು ತಲ್ಲೀ, ಏನೂ ಆಗಿಲ್ಲ. ನರ ಸರ್ಕೊಂಡೈತೆ ಅಷ್ಟೇ. ಇಪ್ಪತ್ತೊಂದು ದಿನ ಅಲ್ಲಾಡಿಸ್ಬ್ಯಾಡ."

"ನಾನು ಚೆಂಡು ಎಸೀತೀನಿ ತಾತ. ಅದೇ ನನ್ನ ಕೆಲಸ."

"ಎಸೀವಂತೆ ಬಿಡು. ನಾನೇನು ಕೈ ಇಟ್ಕೊಂತೀನಾ?"

ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ ಬಟ್ಟೆಗೆ ಹಚ್ಚಿ, ಬಿದಿರಿನ ಸೀಳು ಇಟ್ಟು, ತೋಳನ್ನು ಎದೆಗೆ ಒತ್ತಿ ಸುತ್ತಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತು "ನನ್ನನ್ನ ಪಾರ್ಸೆಲ್ ಮಾಡ್ಬಿಟ್ರಲ್ಲೇ" ಎಂದು ನಕ್ಕಳು.

ತಂಡಕ್ಕೆ ಒಂದು ಸುಳ್ಳು ಹೇಳಬೇಕಾಯಿತು. ಅಕ್ಕನಿಗೆ ಟೈಫಾಯ್ಡ್, ನೋಡಿಕೊಳ್ಳುವವರು ಯಾರೂ ಇಲ್ಲ ಅಂತ. ಮ್ಯಾನೇಜರ್ ಒಳ್ಳೆಯ ಮನುಷ್ಯ. ನನ್ನ ಆರೋಗ್ಯ ವಿಚಾರಿಸಲು ತಾವೇ ಫೋನ್ ಮಾಡಿದರು. ಎಲ್.ಕೆ.ಜಿ.ಯಿಂದ ಸುಳ್ಳು ಹೇಳಬಾರದು ಎಂದು ಕಲಿತ ನಾನು ಗಾಬರಿಯಾಗಿ ಫೋನಿನಲ್ಲಿ ಜೋರಾಗಿ ಕೆಮ್ಮಿದೆ. "ಟೈಫಾಯ್ಡಿಗೆ ಯಾರಾದ್ರೂ ಕೆಮ್ತಾರೇನೇ?" ಎಂದು ತಂಗಿ ಹೊಟ್ಟೆ ಹಿಡಿದು ನಕ್ಕಳು. ಹಿಡಿಯಲು ಅವಳಿಗಿದ್ದದ್ದು ಒಂದೇ ಕೈ.

ಒಂಬತ್ತನೇ ದಿನ ಅವಳು ನಗುತ್ತಿರಲಿಲ್ಲ. "ಕೈ ಮರಗಟ್ಟಿದೆ ಅಕ್ಕ. ಬಿಚ್ಚಿಬಿಡೋಣ. ಒಳಗೆ ಏನೋ ಸರಿ ಇಲ್ಲ ಅನ್ಸುತ್ತೆ." ಅದು ಅವಳ ಕೈ. ಹತ್ತು ವರ್ಷ ಅದನ್ನು ದುಡಿಸಿದವಳು. ಅದರ ಮಾತು ಅವಳಿಗೆ ತಿಳಿಯದೆ ನನಗೆ ತಿಳಿಯುವುದುಂಟೆ? ಆದರೂ ನಾನು ಕ್ಯಾಲೆಂಡರ್ ತೋರಿಸಿದೆ. "ಇಪ್ಪತ್ತೊಂದು ಅಂದ್ರೆ ಇಪ್ಪತ್ತೊಂದು ಕಣೇ. ಅರ್ಧಕ್ಕೆ ಬಿಚ್ಚಿದ್ರೆ ಮಾಡಿದ್ದೆಲ್ಲ ವ್ಯರ್ಥ." ನಾನು ಜೋರು ಮಾಡುವವಳಲ್ಲ. ಮೆಲ್ಲಗೆ, ಪ್ರೀತಿಯಿಂದ ಹೇಳಿದೆ. ಜೋರು ಮಾಡಿದ್ದರೆ ಅವಳು ಜಗಳವಾಡಿ ಬಿಚ್ಚಿ ಎಸೆಯುತ್ತಿದ್ದಳೋ ಏನೋ.

ಇಪ್ಪತ್ತೊಂದನೇ ದಿನ ಬಿಸಿನೀರು ಹಾಕಿ ನೆನೆಸಿ ಕಟ್ಟು ಬಿಚ್ಚಿದೆ. ಕೈ ಬೇರೆಯವರದೇನೋ ಎಂಬಂತೆ ಇಳಿಬಿತ್ತು. ಚರ್ಮದ ಮೇಲೆ ಬಿದಿರಿನ ಗೆರೆಗಳು ಮೂಡಿದ್ದವು. ಎತ್ತಲು ಹೋದರೆ ಎದೆಮಟ್ಟದವರೆಗೆ ಬಂದು ನಿಂತಿತು. ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ ಅಂದೆ. ಎರಡು ವಾರ ಬೆಳಿಗ್ಗೆ ಸಂಜೆ ಎಳ್ಳೆಣ್ಣೆ ತಿಕ್ಕಿದೆ. ಆಮೇಲೆ ರಜೆ ಮುಗಿಯಿತು, ಅವಳು ಪ್ರಾಕ್ಟೀಸಿಗೆ ಹೋದಳು. ಯಾರಿಗೂ ಗೊತ್ತಾಗಬಾರದೆಂದು ಮೊದಲ ದಿನವೇ ಪೂರ್ತಿ ಜೋರಿನಿಂದ ಎಸೆದಳು. ತೊಗರಿ ಕಡ್ಡಿ ಮುರಿದಂತೆ ಒಳಗೆ ಸದ್ದು ಬಂತಂತೆ.

ಆಗ ಹೋದೆವು ಆಸ್ಪತ್ರೆಗೆ. ಕೋಲಾರದಲ್ಲಿ ಮೂಳೆಯ ಡಾಕ್ಟರು, ವಯಸ್ಸಾದ ಹೆಂಗಸು. ಸ್ಕ್ಯಾನ್ ನೋಡಿ ಚೀಟಿಯ ಹಿಂದೆ ಭುಜದ ಚಿತ್ರ ಬರೆದು ತೋರಿಸಿದರು. ಮೊದಲು ಇಲ್ಲಿ ಸ್ನಾಯುವಿನಲ್ಲೊಂದು ಸಣ್ಣ ಹರುಕು ಇದ್ದಿರಬೇಕು. ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಮಾಡಿಸಿದ್ದರೆ ಮೂರು ತಿಂಗಳಲ್ಲಿ ಕೂಡಿಕೊಳ್ಳುವಂಥದು. ಅಲ್ಲಾಡದಂತೆ ಕಟ್ಟಿ ಕೂರಿಸಿದ್ದಕ್ಕೆ ಭುಜ ಗಟ್ಟಿಯಾಗಿದೆ, ಗಟ್ಟಿಯಾದದ್ದನ್ನು ಎಳೆದದ್ದಕ್ಕೆ ಪೂರ್ತಿ ಹರಿದಿದೆ. ಆಪರೇಷನ್ ಮಾಡಿದರೆ ಮನೆಗೆಲಸಕ್ಕೆ ಕೈ ಬರುತ್ತದೆ, ಎಸೆಯುವುದಕ್ಕೆ ಬರುತ್ತದೆಂದು ನಾನು ಹೇಳಲಾರೆ ಅಂದರು. ಆಮೇಲೆ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು.

"ಈ ಕಟ್ಟು ಹಾಕ್ಸೋ ಐಡಿಯಾ ಯಾರದಮ್ಮಾ?"

"ನಂದೇ ಡಾಕ್ಟ್ರೇ," ಅಂದಳು ತಂಗಿ. "ಅಕ್ಕ ಬೇಡ ಅಂದ್ಲು. ನಾನೇ ಕೇಳ್ಲಿಲ್ಲ."

ನನ್ನ ಎದುರಿನ ಗೋಡೆಯ ಮೇಲೆ ಅಸ್ಥಿಪಂಜರದ ಪಟವಿತ್ತು. ನಾನು ಅದರ ಪಕ್ಕೆಲುಬುಗಳನ್ನು ನೋಡುತ್ತ ಕೂತೆ.

ಆಪರೇಷನ್ ಬೇಡ, ವ್ಯಾಯಾಮದಿಂದಲೇ ಟ್ರಯಲ್ಸ್ ಹೊತ್ತಿಗೆ ಸರಿಮಾಡಿಕೊಳ್ಳುತ್ತೇನೆ ಎಂದು ಹಠ ಹಿಡಿದಳು. ಅಕ್ಕನ ಟೈಫಾಯ್ಡ್ ಮರುಕಳಿಸಿದೆ ಎಂದು ತಂಡಕ್ಕೆ ಹೇಳಿ ಅಲ್ಲಿಯವರೆಗೂ ರಜೆ ಪಡೆದಳು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈ ಎಷ್ಟು ಮೇಲೆ ಹೋಯಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಮೊದಲ ತಿಂಗಳು ಗುರುತುಗಳು ಏರಿದವು. ಆಮೇಲೆ ಒಂದೇ ಕಡೆ ಒಂದರ ಮೇಲೊಂದು ಬಿದ್ದು ಅಲ್ಲೊಂದು ಕಪ್ಪು ಮಚ್ಚೆಯಾಯಿತು. ಆ ಗೋಡೆ ಒರೆಸುವಾಗ ನಾನು ಅಷ್ಟು ಜಾಗ ಬಿಟ್ಟು ಒರೆಸುತ್ತಿದ್ದೆ.

ಟ್ರಯಲ್ಸ್ ದಿನ ಕೋಲಾರದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಇಟ್ಟಿಗೆ ಗೂಡುಗಳು, ನೀಲಗಿರಿ ತೋಪುಗಳು ಹಿಂದೆ ಹೋದವು. ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಎರಡು ಬೆರಳನ್ನು ಹೊಲಿಗೆಯ ಮೇಲೆ ಇಡುವುದು, ತೆಗೆಯುವುದು, ಮತ್ತೆ ಇಡುವುದು. ಟೊಮೆಟೊ ಕ್ರೇಟು ತುಂಬಿದ ಲಾರಿಯೊಂದು ಮುಂದೆ ಹೋಗುತ್ತಿತ್ತು. ಕೋಲಾರ ಬರುವವರೆಗೂ ನಮ್ಮ ಬಸ್ಸಿಗೆ ದಾರಿ ಬಿಡಲಿಲ್ಲ.

ಕ್ರೀಡಾಂಗಣದಲ್ಲಿ ಸುಮಾರು ನಲವತ್ತು ಹುಡುಗಿಯರಿದ್ದರು. ಹೆಚ್ಚಿನವರು ಅವಳಿಗಿಂತ ಎಷ್ಟೋ ಚಿಕ್ಕವರು. ಕೆಲವರು ಬಂದು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದರು. "ಏಯ್, ನಾನೇನು ಸತ್ತು ದೇವ್ರಾಗಿದೀನೇನ್ರೇ? ಏಳ್ರೇ!" ಎಂದು ಗದರಿದಳು. ನಾನು ನೀರಿನ ಟ್ಯಾಂಕಿನ ಪಕ್ಕ ನೆರಳಿನಲ್ಲಿ, ಅವಳ ಚೀಲ ಮಡಿಲಲ್ಲಿಟ್ಟುಕೊಂಡು ಕೂತೆ. ಅವಳು ಹೆಸರು ಬರೆಸುವಾಗ ಪೆನ್ನನ್ನು ಬಲಗೈಯಲ್ಲೇ ಹಿಡಿದಳು. ಅಷ್ಟು ದೂರದಿಂದಲೂ ನನಗದು ಕಂಡಿತು.

ಅವಳ ಸರದಿ ಬಂತು. ಎಸೆಯುವವರಿಗೆ ಮಣ್ಣು ಸುರಿದು ಸಣ್ಣ ದಿಬ್ಬ ಮಾಡಿದ್ದರು. ಎದುರಿಗೆ ಒಬ್ಬ ಹುಡುಗಿ ಮುಖಕ್ಕೆ ಕಂಬಿಯ ಜಾಲರಿ ಹಾಕಿಕೊಂಡು, ಚೆಂಡು ಹಿಡಿಯಲು ಕುಕ್ಕರುಗಾಲಿನಲ್ಲಿ ಕೂತಿದ್ದಳು. ತಂಗಿ ದಿಬ್ಬ ಹತ್ತಿದಳು, ಷೂ ತುದಿಯಿಂದ ಮಣ್ಣು ಕೆದಕಿದಳು, ಕಾಲೆತ್ತಿದಳು. ಆ ಒಂದು ಕ್ಷಣ ಎಲ್ಲ ಸರಿಯಾಗಿತ್ತು. ಅಷ್ಟು ಚೆಂದವಾಗಿ ಅವಳ ಮೈ ತಿರುಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೈ ಮಾತ್ರ ಅರ್ಧಕ್ಕೆ ಬಂದು ಪಕ್ಕಕ್ಕೆ ಜಾರಿತು. ಚೆಂಡು ಆ ಹುಡುಗಿಗಿಂತ ಎಷ್ಟೋ ಮುಂಚೆಯೇ ನೆಲಕ್ಕೆ ಬಿದ್ದು ಮೂರು ಸಲ ಪುಟಿದು ಉರುಳಿಕೊಂಡು ಹೋಯಿತು.

ಸಾಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

"ನಗೇ, ಪರವಾಗಿಲ್ಲ," ಅಂದಳು ತಂಗಿ. "ನಾನಾಗಿದ್ರೂ ನಗ್ತಿದ್ದೆ."

ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಕಾಲೆತ್ತಿದವಳು ಹಾಗೇ ಇಳಿಸಿದಳು. ಆಯ್ಕೆ ಮಾಡುವ ಹಿರಿಯರೊಬ್ಬರು ಎದ್ದು ಬಂದರು. ಅವಳನ್ನು ಎಷ್ಟೋ ವರ್ಷದಿಂದ ಬಲ್ಲವರು.

"ಭುಜಕ್ಕೆ ಏನಾಯ್ತಮ್ಮಾ? ನಮಗೊಂದು ಮಾತು ಹೇಳ್ಬಾರ್ದಿತ್ತಾ? ಎಷ್ಟು ಜನ ಹುಡುಗೀರನ್ನ ನಾವೇ ಡಾಕ್ಟರಿಗೆ ತೋರಿಸಿ ಸರಿಮಾಡ್ಸಿಲ್ಲ!"

ಅವಳು ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದಳು. ಆಮೇಲೆ ಅವರಿಗೆ, "ವಯಸ್ಸಾಯ್ತು ಸರ್," ಅಂದು, ಚೆಂಡನ್ನು ಅವರ ಕೈಗೆ ಕೊಟ್ಟು ದಿಬ್ಬ ಇಳಿದು ಬಂದಳು.

ಬಸ್ ಸ್ಟ್ಯಾಂಡಿನಲ್ಲಿ ಮಾಲೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಡಬ್ಬಿ ತೆಗೆದೆ. ಅವಳು ಬೇಡವೆಂದು ತಲೆಯಾಡಿಸಿದಳು. ನಾನು ಮುಚ್ಚಳ ಹಾಕಿದೆ, ಅದು ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಹಾಕಿದೆ.

"ನಾನು ಅವತ್ತು ಕರ್ಕೊಂಡು ಹೋಗದೆ ಇದ್ದಿದ್ರೆ..." ಅಂದೆ. ಐದು ತಿಂಗಳಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು. ಅವಳು "ಬಿಡು ಅಕ್ಕ" ಅನ್ನುತ್ತಾಳೆ ಎಂದುಕೊಂಡಿದ್ದೆ. ಅದಕ್ಕಾಗಿಯೇ ಹೇಳಿದ್ದೆನೋ ಏನೋ.

"ಹೂಂ. ಕರ್ಕೊಂಡು ಹೋಗದೆ ಇದ್ದಿದ್ರೆ ನಾನು ಆಡ್ತಿದ್ದೆ," ಅಂದಳು, ಎದುರಿನ ಬಸ್ಸುಗಳನ್ನು ನೋಡುತ್ತ. "ಒಂದ್ಸಲ ಹೇಳ್ಬೇಕಿತ್ತು, ಹೇಳ್ದೆ. ಇನ್ನು ಯಾವತ್ತೂ ಹೇಳಲ್ಲ. ನೀನೂ ಕೇಳ್ಬೇಡ."

"ಡಾಕ್ಟರ್ ಹತ್ರ ಯಾಕೆ ನಿಂದೇ ಅಂದೆ?"

"ಅವ್ರು ನಿನ್ನ ಬೈತಿದ್ರು. ನಿನಗೆ ಬೈಸ್ಕೊಂಡು ಅಭ್ಯಾಸ ಇಲ್ಲ."

ಬಸ್ಸು ಬಂತು. ನಾನು ಚೀಲ ಎತ್ತಿಕೊಳ್ಳಲು ಹೋದರೆ ಕಿತ್ತುಕೊಂಡು ಎಡಭುಜಕ್ಕೆ ಹಾಕಿಕೊಂಡಳು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮಾಡುತ್ತಿಲ್ಲವೆಂದು ರೆಪ್ಪೆಗಳನ್ನು ನೋಡಿದರೇ ತಿಳಿಯುತ್ತಿತ್ತು. ನಾನು ಅವಳ ಬಲಗೈ ಪಕ್ಕದಲ್ಲೇ ಕೂತಿದ್ದೆ. ಹಿಡಿದುಕೊಳ್ಳಬೇಕೆನಿಸಿತು. ಧೈರ್ಯವಾಗಲಿಲ್ಲ.

ಮನೆ ತಲುಪಿದಾಗ ಐದು ಗಂಟೆ. ತಂಗಿ ಕಾಲು ತೊಳೆದುಕೊಂಡು ನೇರ ಒಳಗೆ ಹೋದಳು. ಎದುರು ಮನೆಯ ಆಂಟಿ ತಮ್ಮ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಕನಕಾಂಬರ ಕಟ್ಟುತ್ತಿದ್ದರು. ಒಳ್ಳೆಯವರು. ಮನೆಯಲ್ಲಿ ಹಬ್ಬದಡುಗೆಯಾದರೆ ನಮಗೂ ಒಂದು ಬಟ್ಟಲು ಬರುತ್ತದೆ.

"ಏನಮ್ಮಾ, ಅಕ್ಕ ತಂಗಿ ಬೆಳಿಗ್ಗೇನೇ ಹೊರಟ್ಬಿಟ್ಟಿದ್ರಿ?"

"ಕೋಲಾರಕ್ಕೆ ಹೋಗಿದ್ವಿ ಆಂಟಿ. ಇವತ್ತು ಟ್ರಯಲ್ಸ್ ಇತ್ತು," ಅಂದೆ. ಆಮೇಲೆ, ಬಾಗಿಲ ಕಡೆ ನೋಡಿ, ದನಿ ಇಳಿಸಿ, "ಆಗ್ಲಿಲ್ಲ. ಇನ್ನು ಅವಳು ಆಡಲ್ಲ," ಅಂದೆ.

ಆಂಟಿ ಎರಡು ಹೂ ಜೋಡಿಸಿ, ದಾರ ಸುತ್ತಿ, ಗಂಟು ಬಿಗಿದರು.

"ಹೋಗ್ಲಿ ಬಿಡಮ್ಮ. ಬಿಸಿಲಿಗೆ ಹೋಗದೆ ಎರಡು ತಿಂಗಳು ಮನೇಲಿದ್ರೆ ಅವಳ ಮೈಬಣ್ಣ ತಿಳಿಯಾಗುತ್ತೆ."